ಸಮ-ಅಗಲದ ಮನೆಯಲ್ಲಿ ಕನ್ನಡ: ಕೋಡ್ ಫಾಂಟುಗಳ ಮುಂದೆ ನಮ್ಮ ಬೇಡಿಕೆ

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲೂಕುಗಳ ಕನ್ನಡ ಮನೆಮಾತಿನ ಪದಗಳನ್ನು ಮರಾಠಿ ಸಮಾನಪದಗಳೊಂದಿಗೆ ಸಂಗ್ರಹಿಸುವವರು ಇಂದು ಚೀಟಿಗಳಲ್ಲಿ ಬರೆದಿಡುವುದು ಕಡಿಮೆ. ಒಂದು ಸಾದಾ ಪಠ್ಯಕಡತ. ಅದರಲ್ಲಿ ಸಾಲಿಗೊಂದು ನಮೂದು. ಪ್ರತಿ ಸಾಲಿನಲ್ಲಿಯೂ ಊರು, ಕನ್ನಡ ರೂಪ, ಮರಾಠಿ ರೂಪ, ಅರ್ಥ. ಇಂಥ ಕಡತವನ್ನು ನಾವು ಪತ್ರ ಬರೆಯುವ ತಂತ್ರಾಂಶದಲ್ಲಿ ತೆರೆಯುವುದಿಲ್ಲ. ಪ್ರೋಗ್ರಾಮರುಗಳು ಕೋಡ್ ಬರೆಯಲು ಬಳಸುವ ಸಂಪಾದಕದಲ್ಲಿ ತೆರೆಯುತ್ತೇವೆ. ಹುಡುಕುವುದು, ಎರಡು ಆವೃತ್ತಿಗಳನ್ನು ಸಾಲುಸಾಲಾಗಿ ಹೋಲಿಸುವುದು, ಅಂಕಣಗಳನ್ನು ಬೇರ್ಪಡಿಸುವುದು ಅಲ್ಲಿ ಸುಲಭ. ಹೀಗಾಗಿ ಭಾಷಾಶಾಸ್ತ್ರದ ವಿದ್ಯಾರ್ಥಿಯು ತನಗೆ ಅರಿವಿಲ್ಲದೆಯೇ ಕೋಡ್ ಫಾಂಟಿನ ಓದುಗನಾಗಿದ್ದಾನೆ.

ಅಂಥದೊಂದು ಕಡತದಲ್ಲಿ ಈಚೆಗೆ ‘ನಿಲಂಗಾ’ ಎಂದು ಹುಡುಕಿದಾಗ ಇರಬೇಕಾದಷ್ಟು ನಮೂದುಗಳು ನಮಗೆ ಸಿಗಲಿಲ್ಲ. ಕಣ್ಣಿಗೆ ಎಲ್ಲ ಸಾಲುಗಳೂ ಸರಿಯಾಗಿಯೇ ಕಾಣುತ್ತಿದ್ದವು. ಸಂಕೇತಸಂಖ್ಯೆಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಕಾರಣ ತಿಳಿಯಿತು: ಕೆಲವು ಸಾಲುಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕೆಯ ಸೊನ್ನೆ ಕುಳಿತಿತ್ತು. ‘ನಿಲಂಗಾ’, ‘ನಿಲ೦ಗಾ’ ಇವೆರಡನ್ನು ಪಕ್ಕಪಕ್ಕದಲ್ಲಿ ಮುದ್ರಿಸಿದರೂ ಈ ಪತ್ರಿಕೆಯ ಓದುಗರಿಗೆ ವ್ಯತ್ಯಾಸ ಕಾಣುವುದು ಕಷ್ಟ. ಯಂತ್ರಕ್ಕೆ ಮಾತ್ರ ಇವು ಎರಡು ಬೇರೆ ಊರುಗಳು. ಮನೆಯ ಮಾತು ಕನ್ನಡವಾಗಿದ್ದು ಶಾಲೆಯ ಮಾತು ಮರಾಠಿಯಾಗಿರುವ ಪ್ರದೇಶದಲ್ಲಿ, ಅಜ್ಜಿಯಿಂದ ಕೇಳಿ ಬರೆದುಕೊಂಡ ಒಂದು ಪದವನ್ನು ಮತ್ತೊಮ್ಮೆ ಕೇಳಲು ಅವಕಾಶ ಸಿಗುತ್ತದೆಂಬ ಭರವಸೆಯಿಲ್ಲ. ಹುಡುಕಿದರೆ ಸಿಗದ ಪದ ಸಂಗ್ರಹದಲ್ಲಿದ್ದೂ ಇಲ್ಲದಂತೆ.

ಬೆರಳಚ್ಚು ಮಾಡಿದವರನ್ನು ಬೈಯುವುದು ಸುಲಭ. ಆದರೆ ಇದೇ ಬಗೆಯ ಗೊಂದಲ ಇಂಗ್ಲಿಷ್‌ಗೂ ಇತ್ತು. ಹಳೆಯ ಇಂಗ್ಲಿಷ್ ಬೆರಳಚ್ಚು ಯಂತ್ರಗಳಲ್ಲಿ ಸಣ್ಣ ಎಲ್ ಅಕ್ಷರದ ಕೀಲಿಯೇ ಒಂದರ ಅಂಕೆಗೂ ಬಳಕೆಯಾಗುತ್ತಿತ್ತು. ಓ ಅಕ್ಷರವೂ ಸೊನ್ನೆಯೂ ಒಂದನ್ನೊಂದು ಹೋಲುತ್ತಿದ್ದವು. ಗಣಕಯಂತ್ರಕ್ಕೆ ಈ ಸಡಿಲಿಕೆ ಒಗ್ಗದಾದಾಗ ಲ್ಯಾಟಿನ್ ಲಿಪಿಯ ವಿನ್ಯಾಸಕಾರರು ಸೊನ್ನೆಯ ಹೊಟ್ಟೆಯಲ್ಲಿ ಗೆರೆ ಎಳೆದರು, ಇಲ್ಲವೇ ಚುಕ್ಕೆ ಇಟ್ಟರು. ಎಲ್ ಅಕ್ಷರದ ಬುಡವನ್ನು ಬಾಗಿಸಿದರು. ಕೋಡ್ ಫಾಂಟ್ ಎಂಬ ಪ್ರಕಾರ ನೆಲೆಗೊಂಡದ್ದು ಇಂಥ ಭೇದಗಳನ್ನು ಕಾಣಿಸುವ ಹೊಣೆಯ ಮೇಲೆ. ಅಂದ ಅದರ ಎರಡನೆಯ ಗುಣ. ಆ ಹೊಣೆಯನ್ನು ಕನ್ನಡಕ್ಕೆ ಯಾರು ಹೊತ್ತಿದ್ದಾರೆ, ಹೊರಬೇಕೆಂದು ನಾವು ಕೇಳಿದ್ದೇವೆಯೇ, ಕೇಳಿದ್ದರೆ ಹೇಗೆ ಕೇಳಿದ್ದೇವೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ.

ಮುಕ್ತ ಪರವಾನಗಿಯ ಪ್ರಸಿದ್ಧ ಕೋಡ್ ಫಾಂಟುಗಳನ್ನು ತೆಗೆದುಕೊಳ್ಳೋಣ: 2012ರಲ್ಲಿ ಅಡೋಬಿ ಬಿಡುಗಡೆ ಮಾಡಿದ ಸೋರ್ಸ್ ಕೋಡ್ ಪ್ರೊ, ಮೊಜಿಲ್ಲಾದ ಫಿರಾ ಮೊನೊವನ್ನು ಆಧರಿಸಿ ನಿಕಿತಾ ಪ್ರೊಕೊಪೊವ್ ಬೆಳೆಸಿದ ಫಿರಾ ಕೋಡ್, 2019ರ ಮೈಕ್ರೋಸಾಫ್ಟ್‌ನ ಕ್ಯಾಸ್ಕೇಡಿಯಾ ಕೋಡ್, 2020ರ ಜೆಟ್‌ಬ್ರೇನ್ಸ್ ಮೊನೊ, ಮತ್ತು ಐಯೊಸೆವ್ಕಾ. ಇವುಗಳಲ್ಲಿ ಯಾವುದರಲ್ಲೂ ಕನ್ನಡವಿಲ್ಲ. ದೇವನಾಗರಿಯೂ ಇಲ್ಲ. ಇದು ಗಡಿಭಾಗದ ನಮಗೆ ವಿಚಿತ್ರವಾದ ಸಮಾನತೆ. ರಾಜ್ಯದಲ್ಲಿ ಬಹುಸಂಖ್ಯಾತರ ಭಾಷೆಯಾದ ಮರಾಠಿಯೂ ಅಲ್ಪಸಂಖ್ಯಾತರ ಭಾಷೆಯಾದ ಕನ್ನಡವೂ ಈ ಫಾಂಟುಗಳ ಬಾಗಿಲಲ್ಲಿ ಒಟ್ಟಿಗೆ ನಿಂತಿವೆ. 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರದಲ್ಲಿಯೇ ನಡೆಯಿತು. ಆ ಭಾಷೆಗೂ ಸೋರ್ಸ್ ಕೋಡ್ ಪ್ರೊದಲ್ಲಿ ಒಂದು ಅಕ್ಷರದ ಜಾಗವಿಲ್ಲ.

ಇದರ ಜೊತೆಗೆ ಇನ್ನೊಂದನ್ನು ಗಮನಿಸಬೇಕು. ಐಯೊಸೆವ್ಕಾದಲ್ಲಿ ಲ್ಯಾಟಿನ್ನಿನ ಒಂದೊಂದು ಅಕ್ಷರಕ್ಕೂ ಹಲವು ಪರ್ಯಾಯ ರೂಪಗಳಿವೆ. ಬಾಲ ಬಾಗಬೇಕೆ, ನೇರವಿರಬೇಕೆ, ಕೆಳಗೆ ಅಡಿಪಟ್ಟಿ ಬೇಕೆ ಎಂಬುದನ್ನು ಬಳಕೆದಾರನೇ ಆಯ್ದುಕೊಳ್ಳಬಹುದು. ಫಿರಾ ಕೋಡ್‌ನಲ್ಲಿ ಅಡ್ಡಗೆರೆಯೂ ಹೆಚ್ಚಿನ ಚಿಹ್ನೆಯೂ ಕೂಡಿದರೆ ಬಾಣವಾಗುತ್ತದೆ. ಇವೆಲ್ಲ ಬಳಕೆದಾರರ ಅಭಿರುಚಿಗೆ ವಿನ್ಯಾಸಕಾರರು ಕೊಟ್ಟ ಉತ್ತರಗಳು. ಆ ಬಾಣವನ್ನು ಮೂಡಿಸುವ ತಾಂತ್ರಿಕ ಉಪಾಯ ಯಾವುದು? ಎರಡು ಸಂಕೇತಗಳು ಪಕ್ಕಪಕ್ಕ ಬಂದರೆ ಅವುಗಳ ಬದಲು ಬೇರೊಂದು ಆಕೃತಿಯನ್ನು ಇಡುವ ಓಪನ್‌ಟೈಪ್ ವ್ಯವಸ್ಥೆ. ‘ಕ್ಕ’, ‘ಸ್ತ್ರೀ’, ‘ರ್ಗಾ’ಗಳು ಮೂಡುವುದೂ ಇದೇ ವ್ಯವಸ್ಥೆಯಿಂದ. ನಮ್ಮ ಲಿಪಿಗಳಿಗೆ ಅನಿವಾರ್ಯವಾದ ಸಾಧನವು ಕೋಡ್ ಸಂಪಾದಕಗಳಲ್ಲಿ ಆಭರಣವಾಗಿ ಮೆರೆಯುತ್ತಿದೆ. ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಸಾಧನ ಕೈಗೆಟುಕುವಲ್ಲಿಯೇ ಇದೆ ಎಂಬುದು ನನ್ನ ಮಾತು.

ಫಾಂಟಿನಲ್ಲಿ ಕನ್ನಡವಿಲ್ಲದಿದ್ದರೂ ಪರದೆಯ ಮೇಲೆ ಕನ್ನಡ ಕಾಣುತ್ತದಲ್ಲ ಎಂದು ಕೆಲವರು ಕೇಳಬಹುದು. ಕಾಣುವುದು ನಿಜ, ಎರವಲಾಗಿ. ಇಲ್ಲದ ಅಕ್ಷರಕ್ಕೆ ಯಂತ್ರವು ತನ್ನಲ್ಲಿರುವ ಬೇರೊಂದು ಫಾಂಟನ್ನು ತಂದುಕೊಳ್ಳುತ್ತದೆ: ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ಲಿನಕ್ಸ್‌ನಲ್ಲಿ ಲೋಹಿತ್ ಅಥವಾ ನೋಟೊ. ಇವು ಪುಸ್ತಕಕ್ಕೂ ಸೂಚನಾಫಲಕಕ್ಕೂ ಒಪ್ಪುವ, ಅಕ್ಷರದಿಂದ ಅಕ್ಷರಕ್ಕೆ ಅಗಲ ಬದಲಾಗುವ ವಿನ್ಯಾಸಗಳು. ಅನುಸ್ವಾರಕ್ಕೂ ಸೊನ್ನೆಗೂ ಭೇದ ತೋರಿಸಬೇಕೆಂಬ ಒತ್ತಾಯ ಅವುಗಳ ಮೇಲೆ ಇರಲಿಲ್ಲ. ಸಾಲಿನ ಎತ್ತರವನ್ನು ಲ್ಯಾಟಿನ್ನಿಗೆ ಹೊಂದಿಸಿದ್ದರಿಂದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುವುದೂ ಉಂಟು. ‘ಹತ್ತಿ’ಯ ತಾವೊತ್ತು ಅರ್ಧ ಕಂಡರೆ ಓದುಗ ಊಹಿಸಿಕೊಳ್ಳುತ್ತಾನೆ, ಪದಪಟ್ಟಿಯನ್ನು ಪರಿಶೀಲಿಸುವವನು ಊಹಿಸಬಾರದು.

ಇನ್ನು ಅಳತೆಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮ ಬೇಡಿಕೆಗಳಲ್ಲಿ ಅತಿ ಕಡಿಮೆ ಚರ್ಚೆಯಾದದ್ದೂ ಇದೇ. ಕೋಡ್ ಫಾಂಟಿನಲ್ಲಿ ಪ್ರತಿ ಅಕ್ಷರವೂ ಒಂದೇ ಅಗಲದ ಮನೆಯಲ್ಲಿ ಕೂರುತ್ತದೆ. ಅಕ್ಷರದ ಎತ್ತರದ ಚೌಕವನ್ನು 1000 ಮಾನಗಳೆಂದು ಭಾವಿಸಿದರೆ ಸೋರ್ಸ್ ಕೋಡ್ ಪ್ರೊದಲ್ಲಿ ಮನೆಯ ಅಗಲ 600. ಟರ್ಮಿನಲ್‌ನಂಥ ತಂತ್ರಾಂಶಗಳು ಫಾಂಟನ್ನು ಕೇಳುವ ಮೊದಲೇ ಯಾವ ಸಂಕೇತಕ್ಕೆ ಎಷ್ಟು ಮನೆ ಎಂಬುದನ್ನು ಒಂದು ಕೋಷ್ಟಕದಿಂದ ನಿರ್ಧರಿಸಿಬಿಡುತ್ತವೆ. ಕೇಂಬ್ರಿಜ್‌ನ ಮಾರ್ಕಸ್ ಕೂನ್ ಬರೆದ ಕ್ರಮವಿಧಿ ಇದಕ್ಕೆ ಬಹುಕಾಲದಿಂದ ಮಾದರಿಯಾಗಿದೆ. ಅದರ ಪ್ರಕಾರ ವ್ಯಂಜನಕ್ಕೆ ಒಂದು ಮನೆ. ಯೂನಿಕೋಡ್ ‘ಅಗಲವಿಲ್ಲದ ಸಂಯೋಜಕ’ ಎಂದು ವರ್ಗೀಕರಿಸಿದ ಚಿಹ್ನೆಗೆ ಸೊನ್ನೆ. ‘ಅಗಲವುಳ್ಳ ಸಂಯೋಜಕ’ಕ್ಕೆ ಒಂದು.

ಈ ವರ್ಗೀಕರಣದಲ್ಲಿ ಕನ್ನಡ ಮತ್ತು ದೇವನಾಗರಿಗಳ ಗುಣಿತಾಕ್ಷರಗಳು ತಿರುವುಮುರುವಾಗಿವೆ. ಕನ್ನಡದ ಗುಡಿಸು ತಲೆಕಟ್ಟಿನೊಡನೆ ಬೆರೆತು ಮೇಲೆಯೇ ಉಳಿಯುತ್ತದೆ. ಆದ್ದರಿಂದ ಅದಕ್ಕೆ ಅಗಲವಿಲ್ಲ. ಮರಾಠಿಯ ಹ್ರಸ್ವ ವೆಲಾಂಟಿ ಅಕ್ಷರದ ಎಡಕ್ಕೆ ನಿಲ್ಲುತ್ತದೆ, ಅದಕ್ಕೆ ಅಗಲವಿದೆ. ಕನ್ನಡದ ಕೊಂಬು ಬಲಕ್ಕೆ ಚಾಚುತ್ತದೆ, ಅಗಲವಿದೆ; ಮರಾಠಿಯ ಉಕಾರ ಕೆಳಗೆ ತೂಗುತ್ತದೆ, ಅಗಲವಿಲ್ಲ. ಅನುಸ್ವಾರ ಕನ್ನಡದಲ್ಲಿ ಪಕ್ಕದಲ್ಲಿ ಕೂರುವ ಸೊನ್ನೆ, ಮರಾಠಿಯಲ್ಲಿ ನೆತ್ತಿಯ ಮೇಲಿನ ಚುಕ್ಕೆ. ಏತ್ವ ಮಾತ್ರ ಎರಡರಲ್ಲಿಯೂ ಅಗಲವಿಲ್ಲದ್ದು. ಅದರ ಕನ್ನಡದ ದೀರ್ಘಕ್ಕೆ ಮತ್ತೆ ಅಗಲವಿದೆ.

ಈಗ ಮೂರು ತಾಲೂಕುಗಳ ಹೆಸರುಗಳನ್ನು ಲೆಕ್ಕ ಹಾಕಿ ನೋಡಬಹುದು. ‘ಉಮರ್ಗಾ’ ಕನ್ನಡದಲ್ಲಿ ಐದು ಮನೆ. ಮರಾಠಿಯ ‘ಉಮರಗಾ’ವೂ ಐದು. ‘ಉದಗೀರ’ ಎರಡರಲ್ಲಿಯೂ ಐದು. ‘ನಿಲಂಗಾ’ದಲ್ಲಿ ಕನ್ನಡವು ಗುಡಿಸಿಗೆ ಮನೆ ಕೊಡದೆ ಅನುಸ್ವಾರಕ್ಕೆ ಕೊಡುತ್ತದೆ, ದೇವನಾಗರಿಯು ವೆಲಾಂಟಿಗೆ ಕೊಟ್ಟು ಅನುಸ್ವಾರಕ್ಕೆ ಕೊಡುವುದಿಲ್ಲ; ಮೊತ್ತ ಮತ್ತೆ ಐದೇ. ಊರುಗಳ ಅಂಕಣ ಲೆಕ್ಕದಲ್ಲಿ ಹೀಗೆ ನೆಟ್ಟಗೆ ನಿಲ್ಲುವುದರಿಂದ ದೋಷ ಬೇಗನೆ ಕಾಣುವುದಿಲ್ಲ. ಪದಗಳ ಅಂಕಣಕ್ಕೆ ಬಂದರೆ ಬೇರೆಯೇ ಚಿತ್ರ. ಕನ್ನಡದ ‘ತುಪ್ಪ’ ನಾಲ್ಕು ಮನೆ, ಮರಾಠಿಯ ‘ತೂಪ’ ಎರಡು. ‘ತೊಗರಿ’ ನಾಲ್ಕು, ‘ತೂರ’ ಎರಡು. ‘ಹತ್ತಿ’ ಮೂರು, ‘ಕಾಪೂಸ’ ನಾಲ್ಕು. ‘ಉದ್ದು’ ನಾಲ್ಕು, ‘ಉಡೀದ’ವೂ ನಾಲ್ಕು. ಕಿವಿಗೂ ಕಣ್ಣಿಗೂ ಒಂದೇ ಅಕ್ಷರವಾದ ‘ಸ್ತ್ರೀ’ ನಾಲ್ಕು ಮನೆಗಳನ್ನು ಹಿಡಿಯುತ್ತದೆ. ‘ಕಿ’ ಒಂದು, ‘ಕೀ’ ಎರಡು. ಹೊಸ ಕೋಷ್ಟಕಗಳಲ್ಲಿ ಕೆಲವು ಅಗಲವುಳ್ಳ ಸಂಯೋಜಕಗಳಿಗೂ ಸೊನ್ನೆಯನ್ನೇ ಕೊಡುತ್ತವೆ. ಆಗ ‘ತುಪ್ಪ’ ಮೂರು ಮನೆಗೆ ಇಳಿಯುತ್ತದೆ. ಒಂದೇ ಕಡತ ಒಂದು ಯಂತ್ರದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಈ ಲೆಕ್ಕಕ್ಕೂ ಎರವಲು ಫಾಂಟಿನ ನಿಜವಾದ ಅಗಲಕ್ಕೂ ಸಂಬಂಧವಿಲ್ಲದಿರುವುದರಿಂದ ತಿದ್ದುಗುರುತು ಒಂದು ಕಡೆ ಮಿನುಗುತ್ತದೆ, ಅಳಿಸುವುದು ಮತ್ತೊಂದು ಕಡೆ ಆಗುತ್ತದೆ.

ಕನ್ನಡ ಸಮ-ಅಗಲಕ್ಕೆ ಒಗ್ಗುವ ಲಿಪಿಯೇ ಅಲ್ಲ ಎಂಬ ಮಾತನ್ನು ತಂತ್ರಜ್ಞರಿಂದಲೂ, ಬೇಸರದಿಂದಲೆಂಬಂತೆ ನಮ್ಮವರಿಂದಲೂ ಕೇಳಿದ್ದೇನೆ. ಈ ಮಾತು ಬೆರಳಚ್ಚು ಯಂತ್ರವನ್ನು ಮರೆತಿದೆ. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಕೀಲಿಯ ಪ್ರತಿ ಹೊಡೆತಕ್ಕೂ ಗಾಡಿ ಒಂದೇ ಅಳತೆ ಸರಿಯುತ್ತಿತ್ತು. ಗಾಡಿ ಸರಿಯದ ಕೀಲಿಗಳಿಂದ ಮೇಲಿನ ಕೆಳಗಿನ ಚಿಹ್ನೆಗಳು ಕೂಡಿಕೊಳ್ಳುತ್ತಿದ್ದವು. ಅಕ್ಷರಗಳು ಅಂದವಾಗಿರಲಿಲ್ಲ: ‘ರ’ ಮನೆಯೊಳಗೆ ಒಂಟಿಯಾಗಿ ನಿಲ್ಲುತ್ತಿತ್ತು, ‘ಯ’ ‘ಮ’ಗಳು ಒತ್ತಿಕೊಂಡು ಕೂರುತ್ತಿದ್ದವು. ಆದರೂ ದಶಕಗಳ ಕಾಲ ಸರ್ಕಾರಿ ಕಚೇರಿಗಳ ಆದೇಶಗಳನ್ನೂ ನ್ಯಾಯಾಲಯಗಳ ಕಾಗದಗಳನ್ನೂ ಜನ ಆ ಅಕ್ಷರಗಳಲ್ಲಿಯೇ ಓದಿದರು. ಒಗ್ಗುವುದಿಲ್ಲ ಎಂಬುದು ಲಿಪಿಯ ಸ್ವಭಾವವನ್ನು ಕುರಿತ ತೀರ್ಪಲ್ಲ. ಒಂದೇ ಮನೆ ಸಾಲದು ಎಂಬುದಷ್ಟೇ ಅದರ ಅರ್ಥ.

ಹಾಗಾದರೆ ಎಷ್ಟು ಮನೆ? ಚೀನೀ, ಜಪಾನೀ ಲಿಪಿಗಳಿಗೆ ಟರ್ಮಿನಲ್‌ಗಳು ಮೊದಲಿನಿಂದಲೂ ಎರಡು ಮನೆಗಳನ್ನು ಕೊಡುತ್ತ ಬಂದಿವೆ; ಯೂನಿಕೋಡ್‌ನಲ್ಲಿ ಅದಕ್ಕಾಗಿ ಪ್ರತ್ಯೇಕ ಗುಣಲಕ್ಷಣವೇ ಇದೆ. ಫಾರ್ಸಿಯ ಉದಾಹರಣೆ ಇನ್ನೂ ಹತ್ತಿರದ್ದು. ಸಾಬೆರ್ ರಾಸ್ತಿಕರ್ದಾರ್ ತಾನು ರೂಪಿಸಿದ ವಜೀರ್ ಫಾಂಟಿನಿಂದ ವಜೀರ್ ಕೋಡ್ ಎಂಬ ಸಮ-ಅಗಲದ ರೂಪವನ್ನು ತಯಾರಿಸಿ ಮುಕ್ತವಾಗಿ ಕೊಟ್ಟರು. ಕ್ಯಾಸ್ಕೇಡಿಯಾ ಕೋಡ್‌ಗೂ ಮೊದಲ ಬಿಡುಗಡೆಯ ನಂತರ ಅರಬ್ಬಿ ಮತ್ತು ಹೀಬ್ರೂ ಸೇರಿದವು. ಆದರೆ ಅರಬ್ಬಿ ಮೂಲದ ಲಿಪಿಗೆ ಇರುವ ಒಂದು ಅನುಕೂಲ ನಮಗಿಲ್ಲ. ಅಲ್ಲಿ ಅಕ್ಷರಗಳನ್ನು ಜೋಡಿಸುವ ಗೆರೆಯನ್ನು ಬೇಕಾದಷ್ಟು ಎಳೆದು ಮನೆ ತುಂಬಬಹುದು. ಕನ್ನಡದ ಅಕ್ಷರ ಬಿಡಿಬಿಡಿಯಾಗಿ ನಿಂತು, ಕೆಳಕ್ಕೂ ಬಲಕ್ಕೂ ಬೆಳೆಯುತ್ತದೆ. ಆದ್ದರಿಂದ ಫಾರ್ಸಿಯ ದಾರಿಯನ್ನು ಹಾಗೆಯೇ ಹಿಡಿದರೆ ಪ್ರಯೋಜನವಿಲ್ಲ. ಮೂಲಾಕ್ಷರಕ್ಕೆ ಎರಡು ಮನೆ, ಕೊಂಬು ದೀರ್ಘಗಳು ಸೇರಿದಾಗ ಮೂರು, ಒತ್ತಕ್ಷರ ಕೆಳಗೆ ಕೂತರೆ ಹೆಚ್ಚಿನ ಮನೆಯಿಲ್ಲ. ಒಟ್ಟಿನಲ್ಲಿ ಅಕ್ಷರದ ಅಗಲ ಯಾವಾಗಲೂ ಮನೆಯ ಪೂರ್ಣ ಗುಣಕವಾಗಿರಬೇಕು. ನನಗೆ ಸರಿಯೆನಿಸುವ ಸೂತ್ರ ಇದು. ಇದಕ್ಕೆ ಫಾಂಟೊಂದೇ ಸಾಲದು, ಕೋಷ್ಟಕವೂ ಸಂಕೇತವನ್ನು ಬಿಟ್ಟು ಅಕ್ಷರವನ್ನು ಎಣಿಸಬೇಕು. ಬೇಡಿಕೆಯನ್ನು ಫಾಂಟಿನ ವಿನ್ಯಾಸಕಾರನಿಗೆ ಮಾತ್ರ ಕಳಿಸಿ ಸುಮ್ಮನಾದರೆ ಅರ್ಧ ವಿಳಾಸಕ್ಕೆ ಪತ್ರ ಹಾಕಿದಂತೆ.

ಇಲ್ಲಿ ನಮ್ಮ ಬೇಡಿಕೆಗಳ ಶೈಲಿಯನ್ನೂ ವಿಮರ್ಶಿಸಬೇಕಾಗುತ್ತದೆ. ಕನ್ನಡಕ್ಕೆ ಬೆಂಬಲ ಬೇಕು ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಭಾಷೆಯ ಪ್ರಾಚೀನತೆಯನ್ನೂ ಮಾತನಾಡುವವರ ಸಂಖ್ಯೆಯನ್ನೂ ಹೇಳುತ್ತೇವೆ. ಅವು ನಿಜವಾದ ಮಾತುಗಳೇ, ಆದರೆ ಅವುಗಳಿಂದ ಯಾರೂ ‘ಘ’ದ ಅಗಲವನ್ನು ನಿರ್ಧರಿಸಲಾರರು. ಲ್ಯಾಟಿನ್ನಿಗಾಗಿ ಕೇಳುವವನು ಈ ಅಕ್ಷರ ಆ ಅಕ್ಷರದಂತೆ ಕಾಣುತ್ತದೆ, ಇದರಿಂದ ಇಂಥ ತಪ್ಪಾಗುತ್ತದೆ ಎಂದು ತೋರಿಸುತ್ತಾನೆ. ನಮ್ಮಲ್ಲಿಯೂ ತೋರಿಸಲು ಬೇಕಾದಷ್ಟಿದೆ. ಅನುಸ್ವಾರ-ಸೊನ್ನೆಗಳದು ಮೊದಲನೆಯದು. ‘ಮ’ ಮತ್ತು ‘ವು’ ಸಣ್ಣ ಗಾತ್ರದಲ್ಲಿ ಒಂದಾಗುತ್ತವೆ. ‘ದ, ಧ, ಥ’ಗಳನ್ನು ಬೇರ್ಪಡಿಸುವುದು ಒಂದು ಸೀಳು, ಒಂದು ಚುಕ್ಕೆ, ‘ಪ, ಷ’ಗಳ ನಡುವೆ ಒಂದು ಕಿರುಗೆರೆ. ‘ರ’ಕ್ಕೂ ‘ಠ’ಕ್ಕೂ ಒಂದು ಬಿಂದುವಿನ ಅಂತರ. ಸೊನ್ನೆಯೊಳಗೆ ಚುಕ್ಕೆ ಇಡುವ ಲ್ಯಾಟಿನ್ ಪರಿಹಾರ ಕನ್ನಡಕ್ಕೆ ಬಂದರೆ ಸೊನ್ನೆ ‘ಠ’ವನ್ನು ನೆನಪಿಸಬಹುದು, ಆದ್ದರಿಂದ ನಮ್ಮ ಸೊನ್ನೆಗೆ ಗೆರೆಯೇ ಲೇಸು. ಅಥವಾ ಅನುಸ್ವಾರವನ್ನು ಚಿಕ್ಕದಾಗಿಸಿ ಅಂಕೆಯನ್ನು ಪೂರ್ಣ ಎತ್ತರಕ್ಕೆ ಬೆಳೆಸುವುದೂ ಒಂದು ಮಾರ್ಗ. ನನ್ನ ಒಲವು ಈ ಎರಡನೆಯದರ ಕಡೆಗೆ, ಏಕೆಂದರೆ ಅದು ಓದುವ ಕಣ್ಣಿಗೆ ಹೊಸ ಗುರುತನ್ನು ಕಲಿಸುವುದಿಲ್ಲ.

ಹೊಸ ಶೈಲಿಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಕೋಡ್ ಸಂಪಾದಕಗಳು ಟಿಪ್ಪಣಿಗಳನ್ನು ಓರೆ ಅಕ್ಷರದಲ್ಲಿ ತೋರಿಸುತ್ತವೆ. ಕನ್ನಡ ಟಿಪ್ಪಣಿ ಬಂದಾಗ ಯಂತ್ರ ಅದನ್ನು ಬಲವಂತವಾಗಿ ವಾಲಿಸುತ್ತದೆ, ಗುಂಡಗಿನ ಅಕ್ಷರಗಳು ಬೀಳುವ ಮಡಕೆಗಳಂತೆ ಕಾಣುತ್ತವೆ. ಟೀರೋ ಕನ್ನಡದಂಥ ಫಾಂಟಿನಲ್ಲಿ ವಿಚಾರಪೂರ್ವಕವಾಗಿ ಬರೆದ ಓರೆ ರೂಪವಿದೆ, ಅದು ಮುದ್ರಿತ ಪುಟಕ್ಕೆ ಒಪ್ಪುತ್ತದೆ. ಪದಪಟ್ಟಿಗೆ ಅದರ ಅಗತ್ಯವಿಲ್ಲ. ದಪ್ಪ ಮತ್ತು ತೆಳು ಎಂಬ ಎರಡು ತೂಕಗಳು ಸಾಕು.

ದ್ವಿಭಾಷಿಗಳಾದ ನಾವು ಕೊಡಬಹುದಾದ, ಏಕಭಾಷಿಗಳಿಗೆ ತೋಚದ, ಪರೀಕ್ಷಾಪಠ್ಯ ಒಂದಿದೆ. ಮರಾಠಿಯಲ್ಲಿ ‘ದರ್ಯಾ’ ಎಂದರೆ ಸಮುದ್ರ, ‘ದರ‍್ಯಾ’ ಎಂದರೆ ಕಣಿವೆಗಳು. ದೇವನಾಗರಿಯಲ್ಲಿ ಈ ಭೇದವನ್ನು ಎರಡು ಬಗೆಯ ರಕಾರಗಳು ಹೊರುತ್ತವೆ. ಕನ್ನಡದಲ್ಲಿ ಅರ್ಕಾವೊತ್ತು ಬೇಡವಾದಾಗ, ‘ರ‍್ಯಾಂಕ್’ ಎಂದು ಬರೆಯುವಾಗ, ಕಣ್ಣಿಗೆ ಕಾಣದ ಜೋಡಕ ಸಂಕೇತವನ್ನು ರಕಾರದ ನಂತರ, ಹಲಂತಕ್ಕೆ ಮೊದಲು ಇಡಬೇಕು. ದೇವನಾಗರಿಯಲ್ಲಿ ಆ ಜೋಡಕವನ್ನು ಬಳಸಿದರೆ ಅದು ಹಲಂತದ ನಂತರ ಬರುತ್ತದೆ. ಎರಡೂ ಲಿಪಿಗಳಲ್ಲಿ ಬೆರಳಾಡಿಸುವವರು ಇದನ್ನು ಅದಲುಬದಲು ಮಾಡದಿದ್ದರೆ ಆಶ್ಚರ್ಯ. ಕಾಣದ ಈ ಸಂಕೇತವನ್ನು ಬೇಕಾದಾಗ ಕಾಣಿಸುವ ಕೋಡ್ ಫಾಂಟ್ ನಮ್ಮ ಪಾಲಿಗೆ ಹತ್ತು ಹೊಸ ಶೈಲಿಗಳಿಗಿಂತ ಮೇಲು.

ಶಾಸನಗಳನ್ನು ಓದುವವರ ಪಾಲು ಇನ್ನೊಂದು. 1968ರಲ್ಲಿ ಶ್ರೀನಿವಾಸ ರಿತ್ತಿ ಮತ್ತು ಜಿ. ಸಿ. ಶೆಳಕೆ ನಾಂದೇಡ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಮರಾಠವಾಡದ ಹಳೆಯ ಕನ್ನಡ ಎಷ್ಟು ವಿಸ್ತಾರವಾದದ್ದೆಂದು ವಿದ್ವಾಂಸರಿಗೆ ಕಂಡಿತು. ಅಂಥ ಪಠ್ಯಗಳನ್ನು ಯಂತ್ರಕ್ಕೆ ಊಡಿಸುವಾಗ ‘ಱ’, ‘ೞ’ ಬೇಕೇಬೇಕು. ‘ೞ’ಕ್ಕೆ ಯೂನಿಕೋಡ್‌ನಲ್ಲಿ ಬಿದ್ದಿರುವ ಹೆಸರು ‘ಫ’ ಎಂದು. ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಸರಿಯಾದ ಹೆಸರನ್ನ ಅಡ್ಡಹೆಸರಾಗಿ ಸೇರಿಸಲು ಮಾತ್ರ ಸಾಧ್ಯವಾಯಿತು. ಕನ್ನಡ ಬಲ್ಲವರು ಸರಿಯಾದ ಹೊತ್ತಿಗೆ ಒಂದು ಕಾಗದ ಬರೆದಿದ್ದರೆ ತಪ್ಪಬಹುದಾಗಿದ್ದ ಎಡವಟ್ಟು ಅದು.

ಅಂಥ ಕಾಗದಕ್ಕೆ ಬೆಲೆಯಿದೆ ಎಂಬುದನ್ನು ಮರಾಠಿಯಿಂದ ಕಲಿಯಬಹುದು. ಮಹಾರಾಷ್ಟ್ರ ಸರ್ಕಾರ 2009ರ ನವೆಂಬರ್‌ನಲ್ಲಿ ದೇವನಾಗರಿ ವರ್ಣಮಾಲೆಯ ಬಗ್ಗೆ ಹೊರಡಿಸಿದ ಆದೇಶ ಮರಾಠಿಯ ಲಕಾರ ಶಕಾರಗಳು ಹಿಂದಿಯಲ್ಲಿ ರೂಢಿಯಾದ ರೂಪಗಳಿಂದ ಹೇಗೆ ಬೇರೆಯಾಗಿರಬೇಕೆಂದು ತೋರಿಸಿತು. ಮರಾಠಿಗಾಗಿ ಕೇಳುವವರು ವಿನ್ಯಾಸಕಾರನ ಮುಂದೆ ಅದನ್ನು ಇಡಬಲ್ಲರು. ಸಮ-ಅಗಲದ ಕನ್ನಡಕ್ಕೆ ಅದಕ್ಕೆ ಸಮಾನವಾದ ಪತ್ರವನ್ನು ನಾವೇ ಬರೆಯಬೇಕು: ಯಾವ ಅಕ್ಷರಕ್ಕೆ ಎಷ್ಟು ಮನೆ, ಯಾವ ಜೋಡಿಗಳು ಬೇರೆಯಾಗಿ ಕಾಣಲೇಬೇಕು, ಯಾವ ಒತ್ತಕ್ಷರಗಳು ಸಾಲಿನೊಳಗೆ ಉಳಿಯಬೇಕು.

ಅದನ್ನು ಯಾರಿಗೆ ಕಳಿಸುವುದು? ಮುಕ್ತ ಕನ್ನಡ ಫಾಂಟುಗಳ ಚರಿತ್ರೆಯಲ್ಲಿ ಗುಬ್ಬಿ, ನವಿಲು ಫಾಂಟುಗಳನ್ನು ರೂಪಿಸಿದ ಅರವಿಂದ ವಿ. ಕೆ. ಅವರ ಹೆಸರು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ ಲೋಹಿತ್ ಕನ್ನಡದ ಹಿಂದೆ ಪುಣೆಯ ಮಾಡ್ಯುಲರ್ ಇನ್‌ಫೋಟೆಕ್ ಮತ್ತು ಪುಣೆಯಲ್ಲಿದ್ದ ರೆಡ್ ಹ್ಯಾಟ್ ತಂಡವಿದ್ದವು. ಬಾಲೂ ತಮ್ಮ ಎಂಬ ಕನ್ನಡ ಫಾಂಟ್ ಮುಂಬಯಿಯ ಏಕ್ ಟೈಪ್ ಸಂಸ್ಥೆಯದು. 2022ರಲ್ಲಿ ಅದೇ ಸಂಸ್ಥೆಯಿಂದ ಬಂದ ಅನೇಕ್ ಸರಣಿ ಕನ್ನಡ, ದೇವನಾಗರಿಯೂ ಸೇರಿದಂತೆ ಒಂಬತ್ತು ಭಾರತೀಯ ಲಿಪಿಗಳನ್ನು ಲ್ಯಾಟಿನ್ನಿನೊಡನೆ ಒಂದೇ ಹದಕ್ಕೆ ತಂದಿತು, ಅಗಲವನ್ನು ಬೇಕಾದಂತೆ ಹಿಗ್ಗಿಸುವ ಕುಗ್ಗಿಸುವ ಅನುಕೂಲದೊಂದಿಗೆ. ನಮ್ಮ ಕಡತಗಳಲ್ಲಿ ಎರಡು ಲಿಪಿಗಳು ಒಂದೇ ಸಾಲಿನಲ್ಲಿ ಕೂರುವುದರಿಂದ ಶಿರೋರೇಖೆಗೂ ತಲೆಕಟ್ಟಿಗೂ ಎತ್ತರ ಹೊಂದಿಸಿದ ಇಂಥ ಸರಣಿಯೇ ಉತ್ತಮ ತಳಹದಿ. ಅದರ ಪರವಾನಗಿ ಯಾರಾದರೂ ಬದಲಿಸಿ ಹೊಸ ರೂಪವನ್ನು ಅದೇ ಷರತ್ತಿನಲ್ಲಿ ಹಂಚಲು ಅವಕಾಶ ಕೊಡುತ್ತದೆ. ಪ್ರೊಕೊಪೊವ್ ಫಿರಾದ ಮೇಲೆ ಮಾಡಿದ್ದೂ ಅಂಥದೇ ಕೆಲಸ. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಅಂದಿನಿಂದ ಕನ್ನಡದ ಯಾವ ಕೆಲಸಕ್ಕೂ ಗಡಿ ದಾಟಿ ಹೋಗುವುದು ಇಲ್ಲಿಯವರಿಗೆ ರೂಢಿಯಾಗಿದೆ. ಈ ಒಂದು ಬೇಡಿಕೆಯನ್ನು ಲಾತೂರಿನಿಂದ ಪುಣೆ, ಮುಂಬಯಿಗಳ ವಿಳಾಸಕ್ಕೆ ಬರೆಯಬಹುದು, ಕನ್ನಡ ಮತ್ತು ಮರಾಠಿ ಎರಡಕ್ಕೂ ಕೂಡಿಯೇ ಬರೆಯಬಹುದು. ಅದಕ್ಕೆ ಲಗತ್ತಿಸಬೇಕಾದ ಪರೀಕ್ಷಾಪಠ್ಯದ ಮೊದಲ ಸಾಲು ಮೂರು ಊರುಗಳ ಹೆಸರಾಗಿರಲಿ, ಎರಡನೆಯ ಸಾಲಿನಲ್ಲಿ ತುಪ್ಪ, ತೊಗರಿ, ಹತ್ತಿಗಳಿರಲಿ.